ಕತ್ತಿ ಹಿರಿಯುವಾಗ ಒರೆಯ ಬಾಯಿ ಕೆರೀತದ: ತಪ್ಪು ಕೈಯಾಗೋ, ಒರೆಯಾಗೋ?

ಶಹಾಬಾದ್_ಫರ್ಸಿ (ಕಲಬುರಗಿ):
ನಮಸ್ಕಾರ್ರಿ. ಇಯಾಯ್ದೋ (ಒರೆಯಿಂದ ಕತ್ತಿ ಹಿರಿದು ಹೊಡೆಯೋ ಜಪಾನಿ ವಿದ್ಯಾ) ಗೊತ್ತಿದ್ದವರಿಗೆ ಒಂದು ಪ್ರಶ್ನೆ. ಸೇತೇ ಕ್ರಮದ (ಜಪಾನಿನ ಒಕ್ಕೂಟ ಗೊತ್ತು ಮಾಡಿದ್ದು) ಮೊದಲನೇ ಕಾತಾ (ಪಟ್ಟುಗಳ ಸಾಲು) 'ಮಾಎ'ದಾಗ ಕತ್ತಿ ಹಿರಿದಾಗೆಲ್ಲ ಒರೆಯ ಬಾಯಿಂದ ಸಣ್ಣ ಮರದ ಪುಡಿ ಉದುರ್ತದ. ಕೆರೆದ ಗುರುತು ಅಲಗಿನ ಬಾಯಿ ಇರೋ ಕಡಿ ಅದ, ಬೆನ್ನಿನ ಕಡಿ ಇಲ್ಲ. ಇಯಾಯ್ತೋ (ಅಭ್ಯಾಸದ ಹರಿತ ಇಲ್ಲದ ಕತ್ತಿ) 2.45 ಶಾಕು, ಎತ್ತರ 5 ಅಡಿ 6 ಇಂಚು. ಅಲಗು ಉದ್ದ ಆಯ್ತೇನ್ರಿ? ಏಪ್ರಿಲ್ ಬಂದ ಮ್ಯಾಲ ಹಬಾಕಿನೂ (ಅಲಗಿನ ಬುಡದಾಗಿದ್ದು ಒರೆಯ ಬಾಯಾಗ ಬಿಗಿಯಾಗಿ ಕೂರೋ ಲೋಹದ ಪಟ್ಟಿ) ಸಡಿಲ ಆಗ್ಯದ.

ಕಾರಂಜಾ_ದಂಡೆ (ಬೀದರ್):
ಉದ್ದದ ತಪ್ಪಲ್ಲ. 1 ಶಾಕು ಅಂದ್ರ 30.3 ಸೆಂ.ಮೀ., ಹಂಗಾಗಿ 2.45 ಅಂದ್ರ 74 ಸೆಂ.ಮೀ. ಚಿಲ್ರ. ನಿಮ್ಮ ಎತ್ತರಕ್ಕ 2.4 ಆಗಿದ್ರ ತುಸು ಸಲೀಸು ಇರ್ತಿತ್ತು, ಆದ್ರ 2.45 ಹಿರಿಯಾಕ ಆಗದ ಉದ್ದ ಅಲ್ಲ.

ಗುರುತು ಅಲಗಿನ ಬಾಯಿ ಕಡಿ ಅದ ಅಂದ್ರಲ್ಲ, ಅದರಾಗೇ ಉತ್ತರ ಅದ. ಮೊನೆ ಒರೆಯೊಳಗ ಇರುವಾಗಲೇ ಬಲಗೈ ಬಲಕ್ಕ ಬೀಸ್ಲಕ್ಕ ಶುರು ಮಾಡ್ಯದ. ಅಷ್ಟೊತ್ತಿಗೆ ಒರೆ ಅಡ್ಡ ತಿರುಗಿ ಅಲಗಿನ ಬಾಯಿ ಹೊರಗಡಿ ನೋಡ್ತಿರ್ತದ. ಹಿಡಿ ಬಲಕ್ಕ ಹೋದ್ರ ಅಲಗು ಹೊರಗಿನ ಗೋಡೆಗೆ ಒತ್ತಿ ಮರ ಕೆರೀತದ. ಹರಿತ ಇಲ್ಲದ ಇಯಾಯ್ತೋದಾಗ ಬರೇ ಪುಡಿ ಬರ್ತದ. ಅದೇ ಚಟ ಇಟ್ಕೊಂಡು ಹರಿತದ ಕತ್ತಿ ಹಿಡಿದ್ರ ಒರೆ ಸೀಳಿ ಎಡಗೈ ಕೊಯ್ತದ. ದಯವಿಟ್ಟು ಇದನ್ನ ಈಗಲೇ ತಿದ್ದಿಕೊಳ್ರಿ.

ಹೀಗ ಮಾಡ್ರಿ. ಎಡ ಹೆಬ್ಬೆರಳಿಂದ ತ್ಸುಬಾ (ಹಿಡಿ ಮುಂದಿನ ಕೈಗಾವಲು ಬಿಲ್ಲೆ) ಮೆಲ್ಲಗ ಒತ್ತಿ ಹಬಾಕಿ ಬಿಡಿಸ್ರಿ. ಹಿಡಿಯ ತುದಿ ಎದುರಾಳಿಯ ನಡುಮಧ್ಯಕ್ಕ ನೇರ ಹೋಗ್ಲಿ, ಬಲಭುಜ ಎತ್ತಬ್ಯಾಡ್ರಿ. ಒರೆಯನ್ನ ಹಿರೀತಾ ಹಿರೀತಾ ತಿರುಗಸ್ರಿ, ಮೊದಲೇ ಪೂರಾ ತಿರುಗಿಸಿದ್ರ ಎದುರಿನವನಿಗೆ ಹೊಡೆತ ಎಲ್ಲಿಂದ ಬರ್ತದ ಅಂತ ತಿಳೀತದ. ಕಡೀ ನಾಕು ಬೆರಳಷ್ಟು ಅಲಗು ಒಳಗ ಉಳಿದಾಗ ಬಲಗೈ ಮುಂದ ಓಡಬಾರದು. ಎಡಗೈ ಕಿರುಬೆರಳು ಮೊದಲು ಮಾಡಿ ಸೊಂಟಪಟ್ಟಿಗುಂಟ ಒರೆಯನ್ನ ಹಿಂದಕ್ಕ ಎಳೀಬೇಕು. ಇದೇ ಸಾಯಾಬಿಕಿ. ಕತ್ತಿ ಒರೆಯಿಂದ ಬರೋದಕಿಂತ ಒರೆ ಕತ್ತಿಯಿಂದ ಹಿಂದ ಸರೀಬೇಕು ಅಂತ ತಿಳೀರಿ. ಮೊನೆ ಬಿಡುಗಡೆ ಆದ ಮ್ಯಾಲೇ ಅಡ್ಡ ಹೊಡೆತ, ಅದು ಎದುರಿನವನ ಕಣತಲಿಗೆ. ಉದ್ದ ಅಲಗು ಹಿರಿಯೋದೂ ಸೊಂಟ ತಿರುಗಿಸಿ ಒರೆ ಎಳೆಯೋದ್ರಿಂದ, ತೋಳಿನ ಉದ್ದದಿಂದಲ್ಲ.

ಗೋಡೆ ಬಲಕ್ಕ ಒಂದು ಗೇಣು ದೂರ ಇರೋಹಂಗ ನಿಂತು, ಬೀಸೋದು ಬಿಟ್ಟು ಬರೇ ಮೊನೆ ಹೊರಬರೋತನಕ ಹತ್ತು ಹತ್ತು ಸಲ ಮಾಡ್ರಿ. ಹಿಡಿ ಗೋಡೆಗೆ ತಾಗಿದ್ರ ಬಲಗೈ ಅವಸರ ಮಾಡ್ಯದ ಅಂತ ಲೆಕ್ಕ.

ಭೀಮಾತೀರ_೫೮ (ಯಾದಗಿರಿ):
ಮೇಲಿನವರು ಹೇಳಿದ್ದು ಸರಿ. ಒರೆಯ ಬಗ್ಗೆ ನಾನು ಸೇರಿಸುತ್ತೇನೆ. ಜಪಾನಿ ಒರೆ 'ಹೋ' ಎಂಬ ಮ್ಯಾಗ್ನೋಲಿಯಾ ಜಾತಿಯ ಮರದ್ದು, ಎರಡು ಹೋಳು ಅಂಟಿಸಿ ಮಾಡಿದ್ದು. ನಮ್ಮ ಕಡೆ 40 ಡಿಗ್ರಿ ದಾಟಿ ಗಾಳಿ ಒಣಗಿದಾಗ ಮರ ಕುಗ್ಗುತ್ತದೆ, ಹಬಾಕಿ ಕೂರುವ ಹಿಡಿತ ಬದಲಾಗುತ್ತದೆ; ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಒರೆ ಸಡಿಲವಾಯಿತೆಂದು ದಪ್ಪ ಪಟ್ಟಿ ತುರುಕಬೇಡಿ, ಜುಲೈನಲ್ಲಿ ಕತ್ತಿ ಹೊರಗೇ ಬರುವುದಿಲ್ಲ. ಕಾಗದದಷ್ಟು ತೆಳುವಾದ ಮರದ ಪದರ ಒಂದೇ ಒಂದು, ಹಬಾಕಿ ಮುಟ್ಟುವ ಆಳದವರೆಗೆ ಮಾತ್ರ, ಮರದ ಅಂಟಿನಿಂದ ಹಚ್ಚಿ. ಒಂದು ರಾತ್ರಿ ಒಣಗಲು ಬಿಟ್ಟು ನೋಡಿ, ಸಾಲದಿದ್ದರೆ ಇನ್ನೊಂದು. ಒರೆಯನ್ನು ತಲೆಕೆಳಗು ಮಾಡಿ ಹಿಡಿದರೆ ಕತ್ತಿ ಜಾರಬಾರದು, ಹೆಬ್ಬೆರಳು ಒತ್ತಿದರೆ ಸಲೀಸಾಗಿ ಬಿಡಬೇಕು. ಕಾರಿನ ಡಿಕ್ಕಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ ಇಡಬೇಡಿ. ಅಂಟಿಸಿದ ಕೂಡು ಬಿಟ್ಟುಕೊಳ್ಳುತ್ತದೆ.

ಒರೆಗಿಂತ ನನಗೆ ಹೆಚ್ಚು ಚಿಂತೆ ಮೆಕುಗಿಯದು. ಹಿಡಿಯಲ್ಲಿ ಅಲಗನ್ನು ಹಿಡಿದಿಟ್ಟ ಬಿದಿರಿನ ಗೂಟ ಅದು, ಅದೂ ಒಣಗಿ ಸಡಿಲವಾಗುತ್ತದೆ. ಪ್ರತಿ ಅಭ್ಯಾಸಕ್ಕೆ ಮುಂಚೆ ಬೆರಳಿಂದ ಒತ್ತಿ ನೋಡಿ. ಬರಿ ಬೆರಳಿಗೇ ಅಲುಗಿದರೆ ಆ ದಿನ ಕತ್ತಿ ಬೀಸಬೇಡಿ, ಹೊಸ ಗೂಟ ಹಾಕಿಸಿ. ಹಿಡಿಯಿಂದ ಅಲಗು ಹಾರಿದರೆ ಹರಿತವಿಲ್ಲದಿದ್ದರೂ ಎದುರಿದ್ದವರ ಗತಿ ಕೆಟ್ಟದ್ದೇ. ಫರ್ಸಿ ನೆಲವಾದರೆ ಇನ್ನೊಂದು ಎಚ್ಚರ: ಇಯಾಯ್ತೋ ಸತು-ಅಲ್ಯೂಮಿನಿಯಂ ಮಿಶ್ರಲೋಹ, ಮೇಲಿಂದ ಹೊಡೆವಾಗ ಮೊನೆ ಕಲ್ಲಿಗೆ ತಾಗಿದರೆ ಮುರಿಯುತ್ತದೆ. ಮಂಡಿಗೂ ಜಮಖಾನೆ ನಾಲ್ಕು ಮಡಿಕೆ ಬೇಕು. ಸೇತೇಯ 12 ಕಾತಾಗಳಲ್ಲಿ ಮೊದಲ 3 ಮಂಡಿಯೂರಿ, 4ನೆಯದು ಒಂದು ಮಂಡಿ ಎತ್ತಿ ಕೂತು. ಉಳಿದ 8 ನಿಂತೇ ಮಾಡುವುದು. ಮಂಡಿ ನೋವಿದ್ದರೆ ಕೆಲ ದಿನ ಆ ಎಂಟನ್ನೇ ತಿದ್ದಬಹುದು.

ಶಹಾಬಾದ್_ಫರ್ಸಿ (ಕಲಬುರಗಿ):
ಭಾಳ ಉಪಕಾರ ಆಯ್ತ್ರಿ ಇಬ್ಬರಿಗೂ. ಇನ್ನೊಂದು: ಇದೇ ಕಾತಾ ಒಬ್ಬೊಬ್ಬ ಗುರುಗಳು ಒಂದೊಂದು ಥರಾ ಮಾಡ್ತಾರ. ಯಾರ್ದು ಹಿಡೀಬೇಕು?

ಕಾರಂಜಾ_ದಂಡೆ (ಬೀದರ್):
ಬ್ಯಾರೆ ಬ್ಯಾರೆ ಪರಂಪರಾ ಅವ, ಅದಕ್ಕ ಹಂಗ ಕಾಣ್ತದ. ಈ ವಿದ್ಯಾದ ಮೂಲಪುರುಷ ಅಂತ ಹೇಳೋದು 16ನೇ ಶತಮಾನದ ಹಯಾಶಿಝಾಕಿ ಜಿನ್‌ಸುಕೆ ಶಿಗೆನೊಬು. ಅವರ ಏಳನೇ ಪೀಠದವರು ಹಸೆಗಾವಾ ಏಶಿನ್. ಅಲಗಿನ ಬಾಯಿ ಮ್ಯಾಲ ಮಾಡಿ ಸೊಂಟಕ್ಕ ಸಿಗಿಸಿದ ಕತ್ತಿಗೆ ಪಟ್ಟು ಹೊಂದಿಸಿದವರು ಅವರೇ ಅಂತಾರ. ಮಂಡಿಯೂರಿ ಮಾಡೋ ಪಟ್ಟು ಓಮೊರಿ ರೊಕುರೊಝಾಎಮೊನ್ ಅವರ ಕಡೆಯಿಂದ ಬಂದದ್ದು. ಈ ಎಲ್ಲಾ ಜಪಾನಿನ ತೋಸಾ ಸೀಮೆಯಾಗ ಉಳೀತು, ಮುಂದ ಎರಡು ಕವಲಾಯ್ತು. ತಾನಿಮುರಾ ಕವಲಿನ 17ನೇ ಪೀಠದ ಓಎ ಮಸಾಮಿಚಿ (1852–1927) ಪಟ್ಟುಗಳನ್ನ ಮತ್ತೊಮ್ಮೆ ಹೊಂದಿಸಿ ಜೋಡಿಸಿದ್ರು; ಇವತ್ತಿನ ಮುಸೋ ಜಿಕಿದೆನ್ ಏಶಿನ್-ರ್ಯು (ರ್ಯು ಅಂದ್ರ ಪರಂಪರಾ) ಅದೇ. ನಾಕಾಯಾಮಾ ಹಾಕುದೋ ಎರಡೂ ಕವಲಿನ ಗುರುಗಳ ಹತ್ರ ಕಲಿತ್ರು, ಅವರದು ಮುಸೋ ಶಿಂದೆನ್-ರ್ಯು ಆಯ್ತು.

ಅಖಿಲ ಜಪಾನ್ ಕೆಂದೋ (ಬಿದಿರಿನ ಕತ್ತಿವರಸೆ) ಒಕ್ಕೂಟ 1969ರಾಗ ಸೇತೇದ 7 ಕಾತಾ ಗೊತ್ತು ಮಾಡ್ತು, 1980ರಾಗ 3, 2000ದಾಗ 2 ಸೇರಿಸ್ತು. ಪರೀಕ್ಷಾಕ್ಕ ಕೂಡೋದಾದ್ರ ಈ 12ರ ಲಿಖಿತ ನಿಯಮ ಬಿಟ್ಟು ಬ್ಯಾರೆ ನೋಡಬ್ಯಾಡ್ರಿ. ಹಳೇ ಪರಂಪರಾ ಕಲೀತಿದ್ರ ನಿಮ್ಮ ಗುರುಗಳದಷ್ಟೇ. ಎರಡು ಕೂಡಿಸಿದ್ರ ಮೊದಲು ಕೆಡೋದು ನೋತೋ, ಅಂದ್ರ ಕತ್ತಿ ಒರೆಗೆ ಸೇರಿಸೋದು.

ಹರಿತದ ಕತ್ತಿ ತರಿಸೋ ವಿಚಾರ ಇದ್ರ ತಡೀರಿ. ನೋತೋದಾಗ ಎಡಗೈ ಹೆಬ್ಬೆರಳು, ತೋರುಬೆರಳು ಅಲಗಿನ ಬೆನ್ನಿಗೆ ದಾರಿ ಮಾಡಬೇಕು, ಅಲಗಿನ ಬಾಯಿ ಬರೋ ಕಡಿ ಒಂದು ಬೆರಳೂ ಚಾಚಿರಬಾರದು. ಕೆಳಗ ನೋಡ್ದೇ ಮೊನೆ ತಾನೇ ಒರೆಯ ಬಾಯಿಗೆ ಬಿದ್ದು, ಒರೆ ಪುಡಿ ಉದುರೋದು ನಿಂತ ಮ್ಯಾಲ ಆ ಮಾತು.

ಭೀಮಾತೀರ_೫೮ (ಯಾದಗಿರಿ):
ಪ್ಲಾಸ್ಟಿಕ್ ಒರೆಯ ಮರದ ಕತ್ತಿ ಸಾಯಾಬಿಕಿ ತಿದ್ದಲು ಸಾಕು, ಅಗ್ಗವೂ ಹೌದು. ಅದಕ್ಕೆ ನಿಜವಾದ ಹಬಾಕಿ ಹಿಡಿತ ಇರುವುದಿಲ್ಲ, ಹೆಬ್ಬೆರಳ ಕೆಲಸವನ್ನು ಇಯಾಯ್ತೋದಲ್ಲೇ ಮಾಡಬೇಕು. ಒರೆಗೆ ಪದರ ಹಚ್ಚುವ ಮುನ್ನ ಒಳಗಿನ ಪುಡಿ ಬಡಿದು ತೆಗೆಯಿರಿ, ಇಲ್ಲದಿದ್ದರೆ ಅಲಗಿನ ಮೇಲೆ ಗೀರು ಬೀಳುತ್ತದೆ.