ಆರೈಕೆ ಮನೆಯಲ್ಲಿ ಅಮ್ಮನ ಜಡೆ ಕತ್ತರಿಸಿದ್ದಾರೆ, ಏನು ಕೇಳಲಿ? (ಪ್ರಶ್ನೋತ್ತರ)

ಪ್ರಶ್ನೆ: ಸದಸ್ಯೆ, ದಾವಣಗೆರೆ

ಸಿಸ್ಟರ್, ನಮಸ್ಕಾರ. ನನ್ನ ಅಮ್ಮನಿಗೆ 79 ವರ್ಷ. ಪ್ರಾಥಮಿಕ ಶಾಲೆಯಲ್ಲಿ 32 ವರ್ಷ ಪಾಠ ಮಾಡಿದವಳು. ನಾಲ್ಕು ವರ್ಷಗಳಿಂದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಮನೆಯಲ್ಲಿ ನೋಡಿಕೊಳ್ಳಲಾಗದೆ ಕಳೆದ ಜೂನ್‌ನಲ್ಲಿ ಒಂದು ಖಾಸಗಿ ಆರೈಕೆ ಮನೆಗೆ ಸೇರಿಸಿದೆವು. ಜಾಗ ಚೊಕ್ಕಟವಾಗಿದೆ, ಊಟ ಮತ್ತು ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತವೆ. ಆದರೆ ಹೋದ ಭಾನುವಾರ ನೋಡಲು ಹೋದಾಗ ಅವಳ ಜಡೆ ಇರಲಿಲ್ಲ. ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದಾರೆ. ಬಾಚುವುದು ಕಷ್ಟ, ಹೇನಾಗುತ್ತದೆ ಎಂದರು. ಸೀರೆಯ ಬದಲು ನೈಟಿ. ಕೈ ಹಿಡಿದರೆ ಬಚ್ಚಲಿಗೆ ನಡೆದು ಹೋಗಬಲ್ಲವಳಿಗೆ ಹಗಲಿಗೂ ಡೈಪರ್. ಇಪ್ಪತ್ತೆರಡರ ಹುಡುಗಿ "ಏಳು ಅಜ್ಜಿ, ಬಾ" ಎನ್ನುತ್ತಾಳೆ. ಅಮ್ಮ ಮಾತಿನ ನಡುವೆ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಲು ಕತ್ತಿನ ಹಿಂದೆ ಕೈ ಒಯ್ಯುತ್ತಾಳೆ, ಸಿಗದೆ ಕೈ ಇಳಿಸುತ್ತಾಳೆ. ಜಗಳವಾಡಿದರೆ ಅದರ ಸಿಟ್ಟನ್ನು ನಾನಿಲ್ಲದಾಗ ಅವಳ ಮೇಲೆ ತೀರಿಸಿಕೊಂಡಾರು ಎಂಬ ಭಯ. ನಾನು ಕೇಳುತ್ತಿರುವುದು ಅತಿಯಾಯಿತೇ?

ಉತ್ತರ: ಹಿರಿಯರ ಆರೈಕೆಯಲ್ಲಿ 26 ವರ್ಷಗಳಿಂದಿರುವ ನರ್ಸ್

ಅತಿಯಲ್ಲ ತಂಗಿ, ಖಂಡಿತ ಅತಿಯಲ್ಲ. ಜಡೆಯ ವಿಷಯ ಓದಿ ನನಗೂ ಸಂಕಟವಾಯಿತು.

ನಿಮ್ಮ ತಾಯಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಗಂಡ ಸತ್ತ ಮೇಲೆ ತಲೆ ಬೋಳಿಸಿದ ಅಜ್ಜಿಯಂದಿರನ್ನು ಕಣ್ಣಾರೆ ಕಂಡು ಬೆಳೆದವರು. ಅವರ ಮನಸ್ಸಿನಲ್ಲಿ ಕೂದಲು ಹೋಗುವುದೆಂದರೆ ಶಿಕ್ಷೆ. ನೆನ್ನೆಯ ಊಟ ಮರೆತವರಿಗೂ ಅದು ಮರೆತಿರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಸೆಕ್ಷನ್ ಬಲವಂತವಾಗಿ ತಲೆ ಬೋಳಿಸಬಾರದು, ಸ್ವಂತ ಬಟ್ಟೆ ತೊಡುವ ಆಸೆಯಿದ್ದವರಿಗೆ ಸಂಸ್ಥೆಯ ಸಮವಸ್ತ್ರ ಹೇರಬಾರದು ಎನ್ನುತ್ತದೆ. ನಿಮ್ಮ ತಾಯಿ ಇರುವ ಮನೆ ಆ ಕಾಯ್ದೆಯ ಅಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಆಗಿರದಿದ್ದರೂ, ಮಾನಸಿಕ ಚಿಕಿತ್ಸೆಗೆ ದಾಖಲಾದವರಿಗೆ ಕಾನೂನು ಕೊಟ್ಟಿರುವಷ್ಟು ಮರ್ಯಾದೆ ನಿಮ್ಮ ತಾಯಿಗೂ ಸಲ್ಲಬೇಕಲ್ಲವೇ ಎಂದು ಕೇಳಬಹುದು. ಹೇನಿಗೆ ಔಷಧಿ ಇದೆ, ಸಿಕ್ಕಿಗೆ ಎಣ್ಣೆ ಇದೆ. ಕತ್ತರಿಸಲೇಬೇಕೆನಿಸಿದರೆ ಮೊದಲು ಅವರನ್ನು ಕೇಳಬೇಕು, ನಿಮಗೆ ಒಂದು ಫೋನ್ ಮಾಡಬೇಕು.

ಇನ್ನು ಏಕವಚನ. ನೀವು ಅಮ್ಮನನ್ನು "ಅವಳು" ಎಂದೇ ಬರೆದಿದ್ದೀರಿ. ಅದು ಮಗಳ ಸಲಿಗೆ, ಅದರಲ್ಲಿ ತಪ್ಪೇನಿಲ್ಲ. ಆ ಹುಡುಗಿ ಪ್ರೀತಿಯಿಂದಲೇ "ಬಾ ಅಜ್ಜಿ" ಎಂದಿರಬಹುದು, ತನ್ನ ಮನೆಯ ಅಜ್ಜಿಯನ್ನು ಕರೆದ ಹಾಗೆ. ಕೆಲವು ಹಿರಿಯರಿಗೆ ಅದೇ ಹಿತ. ಆದರೆ 32 ವರ್ಷ ಊರೆಲ್ಲ "ಟೀಚರ್, ಬನ್ನಿ" ಎಂದಿದ್ದನ್ನು ಕೇಳಿದ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ನಾವಿದ್ದ ಆರೈಕೆ ಮನೆಯಲ್ಲಿ ಸೇರಿಸಿಕೊಳ್ಳುವ ದಿನವೇ ಹಿರಿಯರನ್ನೂ ಅವರ ಮನೆಯವರನ್ನೂ "ಹೇಗೆ ಕರೆಯಬೇಕು?" ಎಂದು ಕೇಳಿ ಮಂಚದ ತಲೆಯ ಬದಿಗೆ ಚೀಟಿ ಅಂಟಿಸುತ್ತಿದ್ದೆವು. ನೀವೂ ಒಂದು ಹಾಳೆ ಬರೆದುಕೊಡಿ: ಟೀಚರ್ ಎಂದು ಕರೆಯಿರಿ, ಬಹುವಚನ ಬಳಸಿ, ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು, ಹಣೆಗೆ ಏನಿಡುತ್ತಾರೆ, ಯಾವ ಮಗ್ಗುಲಿಗೆ ಮಲಗುತ್ತಾರೆ. ಕಾಯಿಲೆಯ ಫೈಲಿನಲ್ಲಿ ಇವು ಯಾವುವೂ ಇರುವುದಿಲ್ಲ.

ಡೈಪರ್ ಬಗ್ಗೆ ಮಾತ್ರ ಗಟ್ಟಿಯಾಗಿ ನಿಲ್ಲಿ. ನಡೆಯಬಲ್ಲವರಿಗೆ ಹಗಲೆಲ್ಲ ಡೈಪರ್ ಕಟ್ಟಿದರೆ ಬಚ್ಚಲಿಗೆ ಹೋಗುವ ಅಭ್ಯಾಸವೇ ತಪ್ಪಿಹೋಗುತ್ತದೆ, ಒದ್ದೆಯಲ್ಲಿ ಚರ್ಮ ಕೆಡುತ್ತದೆ. ಎದ್ದ ಕೂಡಲೇ, ಕಾಫಿಯಾದ ಮೇಲೆ, ಊಟವಾದ ಮೇಲೆ, ಉಳಿದಂತೆ ಎರಡು ಮೂರು ಗಂಟೆಗೊಮ್ಮೆ ಕೈ ಹಿಡಿದು ಕರೆದೊಯ್ದರೆ ಎಷ್ಟೋ ಜನರಿಗೆ ಹಗಲಿನ ಡೈಪರ್ ಬೇಕಾಗುವುದೇ ಇಲ್ಲ. ರಾತ್ರಿಗೆ ಬೇಕಿದ್ದರೆ ಇರಲಿ. ಸೀರೆಗೂ ದಾರಿ ಇದೆ. ನೆರಿಗೆ ಹಿಡಿದು ಹೊಲಿದು, ಸೊಂಟಕ್ಕೆ ಎಲಾಸ್ಟಿಕ್ ಹಾಕಿದ ಸೀರೆಗಳನ್ನು ದರ್ಜಿಗಳು ಹೊಲಿದುಕೊಡುತ್ತಾರೆ. ಅಮ್ಮನ ಹಳೆಯ ಸೀರೆಗಳಲ್ಲೇ ಎರಡನ್ನು ಹಾಗೆ ಮಾಡಿಸಿ, ಬಟ್ಟೆ ನುಣುಪಾಗಿ ಸವೆದಿರುತ್ತದೆ, ಗುರುತೂ ಇರುತ್ತದೆ.

ಇದನ್ನೆಲ್ಲ ವಾರ್ಡಿನಲ್ಲಿ ನಿಂತು ಹೇಳಬೇಡಿ. ಮೇಲ್ವಿಚಾರಕರ ಬಳಿ ಸಮಯ ಕೇಳಿ, ಕೂತು ಮಾತನಾಡಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ನೋಡಲು ಹೋಗುವ ದಿನವನ್ನೂ ಹೊತ್ತನ್ನೂ ಬದಲಿಸುತ್ತಿರಿ. ಸರಿಯಾಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ, ಅಲ್ಲಿಗೂ ಲಿಖಿತ ದೂರು ಕೊಡಬಹುದು.

ಪ್ರತಿಕ್ರಿಯೆ: ಆರೈಕೆ ಮನೆಯೊಂದರ ಸಹಾಯಕಿ

ಸಿಸ್ಟರ್, ನಮ್ಮ ಕಡೆಯ ಮಾತನ್ನೂ ಕೇಳಿ. ರಾತ್ರಿ ಪಾಳಿಯಲ್ಲಿ 24 ಜನರಿಗೆ ನಾವಿಬ್ಬರು. ಬೆಳಿಗ್ಗೆ ಎಂಟರೊಳಗೆ ಎಲ್ಲರ ಸ್ನಾನ ಮುಗಿಯಬೇಕು. ಕೆಲವರು ಹೊಡೆಯುತ್ತಾರೆ, ಉಗುಳುತ್ತಾರೆ. ಒಬ್ಬೊಬ್ಬರನ್ನೂ ಕೇಳುತ್ತಾ ಕೂತರೆ ಆಗುತ್ತದೆಯೇ?

ಉತ್ತರ

ನಿಮ್ಮ ಕಷ್ಟ ನಿಜ. 24 ಜನರನ್ನು ಇಬ್ಬರ ಕೈಗೆ ಕೊಟ್ಟವರು ಮೊದಲು ಉತ್ತರ ಹೇಳಬೇಕು. ಎಂಟರೊಳಗೆ ಸ್ನಾನ ಎಂಬ ನಿಯಮ ಯಾರ ಅನುಕೂಲಕ್ಕೆ ಎಂದು ಅವರನ್ನೇ ಕೇಳಿ. ಅರ್ಧ ಜನರ ಸ್ನಾನ ಸಂಜೆಗೆ ಹೋದರೆ ಯಾರಿಗೂ ನಷ್ಟವಿಲ್ಲ, ಎಷ್ಟೋ ಜನ ಜೀವನವಿಡೀ ಸಂಜೆಯೇ ಸ್ನಾನ ಮಾಡಿದವರು.

ಹೊಡೆಯುವವರ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ತಾಯಿ ಸ್ನಾನಕ್ಕೆ ಕರೆದೊಯ್ದಾಗಲೆಲ್ಲ ನನ್ನ ಕೈ ಪರಚುತ್ತಿದ್ದರು. ಹಟಮಾರಿ ಎಂದುಕೊಂಡಿದ್ದೆ. ಒಂದು ದಿನ ನಮ್ಮ ಹಿರಿಯ ಆಯಾ ನನ್ನನ್ನು ಪಕ್ಕಕ್ಕೆ ಸರಿಸಿ ಬಚ್ಚಲ ಬಾಗಿಲು ಮುಂದೆ ಮಾಡಿದರು. ಆ ತಾಯಿಯ ಹೆಗಲ ಮೇಲೆ ದೊಡ್ಡ ಟವೆಲ್ ಹೊದಿಸಿ, ಅದರೊಳಗಿನಿಂದಲೇ ಬಟ್ಟೆ ಬಿಡಿಸಿದರು. ತಲೆಗೆ ನೀರು ಸುರಿಯಲಿಲ್ಲ. ಬಿಸಿ ಹದವಾಗಿದೆಯೇ ಎಂದು ಅವರ ಕೈಯನ್ನೇ ನೀರಿಗೆ ಮುಟ್ಟಿಸಿ, "ಪಾದ ತೊಳೆಯಲೇ ಅಮ್ಮಾ?" ಎಂದು ಕೇಳಿ ಕಾಯ್ದರು. ಆ ತಾಯಿ ತಾವೇ ಪಾದ ಮುಂದಕ್ಕೆ ಚಾಚಿದರು. ಅಷ್ಟು ದಿನ ಅವರು ಪರಚಿದ್ದು ಗುರುತಿಲ್ಲದ ಒಬ್ಬಳು ತನ್ನ ಸೀರೆ ಎಳೆಯುತ್ತಿದ್ದಾಳೆ ಎಂಬ ಭಯಕ್ಕೆ. ಕೇಳಿ ಮುಟ್ಟುವುದಕ್ಕೆ ಅರ್ಧ ನಿಮಿಷ ಹೆಚ್ಚು ಹಿಡಿದರೆ, ಗುದ್ದಾಡುವ ಹತ್ತು ನಿಮಿಷ ಉಳಿಯುತ್ತದೆ. ಸಂಜೆಗೆ ಸರಿಸಲಾಗದಿದ್ದರೂ ಟವೆಲ್ ಮತ್ತು ಮುಚ್ಚಿದ ಬಾಗಿಲು ಎಲ್ಲ ಕಡೆ ಸಾಧ್ಯ.

ಮನೆಯವರಿಗೂ ಒಂದು ಮಾತು: ಇಂಥ ಸಹಾಯಕಿಯರ ಹೆಸರು ತಿಳಿದುಕೊಳ್ಳಿ. "ಏ ಆಯಾ" ಎಂದು ಕೂಗಿಸಿಕೊಂಡವರಿಂದ ನಿಮ್ಮ ತಾಯಿಗೆ ಬಹುವಚನ ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಶ್ನೆ: ಸದಸ್ಯ, ಹಾಸನ

ಮೇಡಂ, ನಮ್ಮ ತಂದೆ ರಾತ್ರಿ ಎದ್ದು ಬೀಳುತ್ತಾರೆಂದು ಆರೈಕೆ ಮನೆಯಲ್ಲಿ ಅವರ ಕೈಯನ್ನು ಪಂಚೆಯಿಂದ ಮಂಚಕ್ಕೆ ಕಟ್ಟುತ್ತಿದ್ದಾರೆ. ಸುರಕ್ಷತೆಗಾಗಿ ಎನ್ನುತ್ತಾರೆ. ಒಪ್ಪಬೇಕೇ?

ಉತ್ತರ

ಒಪ್ಪಬೇಡಿ ಅಣ್ಣಾ. ಕಟ್ಟಿಸಿಕೊಂಡವರು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಮಲಗಿದ್ದಲ್ಲೇ ಇದ್ದು ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ಬಲ ಹೋಗುತ್ತದೆ. ಅವರು ಯಾಕೆ ಏಳುತ್ತಾರೆ ಎಂಬುದನ್ನು ಹುಡುಕಬೇಕು. ಆ ವಯಸ್ಸಿನ ಗಂಡಸರಲ್ಲಿ ಬಹಳ ಸಲ ಕಾರಣ ಮೂತ್ರ. ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ತೋರಿಸಿದ್ದೀರಾ? ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದಾರೆಯೇ? ವೈದ್ಯರನ್ನು ಕೇಳಿ ಅದನ್ನು ಬೆಳಗಿಗೆ ಬದಲಿಸಬಹುದು. ಮಂಚ ತಗ್ಗಿಸಲಿ, ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ಅವರು ಏಳುವ ಹೊತ್ತಿಗೆ ಕಾಲು ಗಂಟೆ ಮೊದಲೇ ಒಬ್ಬರು ಎಬ್ಬಿಸಿ ಕರೆದೊಯ್ಯಲಿ.

ನಾನು ಮೇಲೆ ಹೇಳಿದ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ, ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲೂ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ಕಟ್ಟಬಹುದು. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ಕಟ್ಟುವಂತೆಯೇ ಇಲ್ಲ. ಇಂದೇ ಮಾತನಾಡಿ.

ಪ್ರಶ್ನೆ: ಸದಸ್ಯೆ, ಬೆಂಗಳೂರು

ಮಗನ ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಊಟ ಹಾಕಿಸಬೇಕೆಂದಿದ್ದೇವೆ. ಏನು ಗಮನಿಸಬೇಕು?

ಉತ್ತರ

ಹೋಗಿ, ಸಂತೋಷ. ಆದರೆ ಅವರನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಬೇಡಿ, ತಟ್ಟೆ ಕೊಡುವ ಫೋಟೋ ತೆಗೆಯಬೇಡಿ. ತಾನು ಅಲ್ಲಿರುವುದು ನೆಂಟರಿಗೆ ತಿಳಿಯಬಾರದು ಎಂದು ಕೊರಗುವವರು ಪ್ರತಿ ಮನೆಯಲ್ಲೂ ಇರುತ್ತಾರೆ, ನಿಮ್ಮ ಒಂದು ಫೋಟೋ ಅವರ ಊರು ತಲುಪುತ್ತದೆ. ಅವರದೇ ಪಂಕ್ತಿಯಲ್ಲಿ ಕೂತು ಊಟ ಮಾಡಿ. ನುಂಗಲು ಕಷ್ಟವಿರುವವರಿಗೆ ಏನು ತರಬೇಕೆಂದು ಮೊದಲೇ ಕೇಳಿಕೊಳ್ಳಿ, ಹೋಳಿಗೆ ಎಲ್ಲರ ಗಂಟಲಿಗೂ ಇಳಿಯುವುದಿಲ್ಲ.

ಪ್ರತಿಕ್ರಿಯೆ: ಸದಸ್ಯೆ, ದಾವಣಗೆರೆ

ಸಿಸ್ಟರ್, ಮೇಲ್ವಿಚಾರಕರು ಚೀಟಿ ಅಂಟಿಸಲು ಒಪ್ಪಿದ್ದಾರೆ. ಹಗಲಿನ ಡೈಪರ್ ಒಂದು ವಾರ ಬಿಟ್ಟು ನೋಡುತ್ತಾರಂತೆ. ಕೂದಲು ಬೆಳೆಯುವವರೆಗೆ ಏನು ಮಾಡಲಿ? ಇನ್ನೂ ಹುಡುಕುತ್ತಿದ್ದಾಳೆ.

ಉತ್ತರ

ಮನೆಯಿಂದ ಅವರದೇ ಬಾಚಣಿಗೆ ಮತ್ತು ಎಣ್ಣೆ ತೆಗೆದುಕೊಂಡು ಹೋಗಿ. ಬೆನ್ನ ಹಿಂದೆ ಕೂತು ನಿಧಾನವಾಗಿ ಎಣ್ಣೆ ಹಚ್ಚಿ, ಬಾಚಣಿಗೆಯನ್ನು ಅವರ ಕೈಗೂ ಕೊಡಿ. ಕೈ ಕತ್ತಿನ ಹಿಂದಕ್ಕೆ ಹೋದಾಗ "ಜಡೆ ಇಲ್ಲವಲ್ಲಮ್ಮ" ಎಂದು ನೆನಪಿಸಬೇಡಿ. ಸೀರೆ ಉಟ್ಟಿದ್ದರೆ ಸೆರಗನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಅವರ ಕೈಗೆ ಸಿಗುವಂತೆ ಇಡಿ.