ಕುದುರೆಯ ಎದೆ ಸ್ಕ್ಯಾನ್: ಪಶುವೈದ್ಯರನ್ನು ಕೇಳಿ

ನಿರ್ವಾಹಕರು: ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕುದುರೆ ಸಾಕುವವರಿಗೆ ನಮಸ್ಕಾರ. ಇಂದು ಸಂಜೆ ನಮ್ಮ ಗುಂಪಿನ ಪಶುವೈದ್ಯರು ಹೃದಯದ ಸ್ಕ್ಯಾನ್ ಕುರಿತ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಊರು, ಕುದುರೆಯ ವಯಸ್ಸು ಬರೆದು ಕೇಳಿ. ಫಾರ್ವರ್ಡ್ ಸಂದೇಶ ಬೇಡ.

ಗಂಗಾವತಿ: ಡಾಕ್ಟರ್ ಸಾಹೇಬರೇ, ನನ್ನದು ಏಳು ವರ್ಷದ ದಖ್ಖನಿ ಹೆಣ್ಣು ಕುದುರೆ. ಕೊಳ್ಳಲು ಬಂದವರು ಸ್ಕ್ಯಾನ್ ಮಾಡಿಸಿದರು. ಹೃದಯದ ಎಡ ಕೆಳಕೋಣೆ ಹಿಗ್ಗಿದಾಗ 9.2 ಸೆಂಟಿಮೀಟರ್, ಕುಗ್ಗಿದಾಗ 6. ‘ಇರಬೇಕಾದದ್ದು 11ರಿಂದ 12, ಇದರ ಹೃದಯ ಸಣ್ಣದು’ ಎಂದು ಬೆಲೆ ಅರ್ಧಕ್ಕೆ ಇಳಿಸಿದ್ದಾರೆ. ಏನು ಮಾಡಲಿ?

ವೈದ್ಯರು: ಕುದುರೆಯೇ ಸಣ್ಣದಿದ್ದರೆ ಹೃದಯ ದೊಡ್ಡದಾಗಿರಲು ಹೇಗೆ ಸಾಧ್ಯ? 11–12 ಎನ್ನುವುದು 450–500 ಕಿಲೋ ತೂಗುವ ರೇಸಿನ ಥರೋಬ್ರೆಡ್ ಕುದುರೆಗಳ ಅಳತೆ. ಟೇಪು ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಹೇಳಿ.

ಗಂಗಾವತಿ: ಸುತ್ತಳತೆ 150. ಉದ್ದ 130.

ವೈದ್ಯರು: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುಮಾರು 246 ಕಿಲೋ ಬರುತ್ತದೆ. ತೂಕ ಅರ್ಧವಾದರೆ ಕೋಣೆಯ ಅಗಲ ಅರ್ಧವಾಗುವುದಿಲ್ಲ. ತೂಕ ಎಂಟು ಪಟ್ಟಾದಾಗ ಅಗಲ ಸುಮಾರು ಎರಡು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 246 ಕಿಲೋ ಕುದುರೆಗೆ 9.1ರ ಆಸುಪಾಸು ಬರಬೇಕು, ನಿಮ್ಮದು 9.2. ಹಿಂಡುವ ಪ್ರಮಾಣ, ಅಂದರೆ ಹಿಗ್ಗಿದಾಗಿನ ಅಗಲದಲ್ಲಿ ಕುಗ್ಗಿದಾಗ ಕಡಿಮೆಯಾಗುವ ಪಾಲು, ನೂರಕ್ಕೆ 35. 30ರಿಂದ 45 ಇದ್ದರೆ ಸರಿ, ಈ ಪ್ರಮಾಣ ದೇಹದ ಗಾತ್ರದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಅರ್ಧ ಬೆಲೆಗೆ ಕೊಡಬೇಡಿ.

ಮಾನ್ವಿ: ಸರ್, ನಮ್ಮ ಟಾಂಗಾ ಕುದುರೆಯ ನಾಡಿ ನಿಮಿಷಕ್ಕೆ 32 ಮಾತ್ರ. ಹೃದಯ ದುರ್ಬಲವೇ?

ವೈದ್ಯರು: ಅಲ್ಲ. ನಿಂತಿರುವ ದೊಡ್ಡ ಕುದುರೆಗೆ 28ರಿಂದ 40 ಸಹಜ.

ಕುಷ್ಟಗಿ: ನಮ್ಮದಕ್ಕೆ 30 ಇದೆ ಸರ್, ನಡುವೆ ಒಂದೊಂದು ಬಡಿತ ತಪ್ಪುತ್ತದೆ.

ವೈದ್ಯರು: ಮೇಲೆ ಓದಿ. ಲಯಬದ್ಧವಾಗಿ ತಪ್ಪುತ್ತಿದ್ದು, ನಾಲ್ಕು ಹೆಜ್ಜೆ ಓಡಿಸಿದೊಡನೆ ಸರಿಹೋದರೆ ಚಿಂತೆಯಿಲ್ಲ. ಲಯವೇ ಇಲ್ಲದೆ ಬಡಿಯುತ್ತಿದ್ದರೆ ಇಸಿಜಿ ಮಾಡಿಸಿ.

ಸಂಡೂರು: ಎದೆಯ ಮೇಲೆ ಜೋಡು ಸುಳಿ ಇರುವ ಕುದುರೆಗೆ ಗುಂಡಿಗೆ ಗಟ್ಟಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸ್ಕ್ಯಾನಿನಲ್ಲಿ ಅದು ಕಾಣುತ್ತದೆಯೇ?

ವೈದ್ಯರು: ಇಲ್ಲ. ಕೂದಲು ಬೋಳಿಸಿ ಜೆಲ್ ಹಚ್ಚಿದ ಮೇಲೆ ಸುಳಿಯೂ ಕಾಣುವುದಿಲ್ಲ.

ಮಾನ್ವಿ: ಸುಳಿ ನೋಡದೆ ಕುದುರೆ ಕೊಂಡವರು ಮನೆ ಕಳೆದುಕೊಂಡಿದ್ದಾರೆ ಸರ್. ನಗಬೇಡಿ.

ಸಿಂಧನೂರು: ಎಲ್ಲರೂ ಅಳುತ್ತಿದ್ದೀರಿ, ನಾನೊಂದು ಸಂತೋಷದ ಸುದ್ದಿ ಹೇಳುತ್ತೇನೆ. ಮದುವೆ ಮೆರವಣಿಗೆಗೆ ಕಳುಹಿಸುವ ನನ್ನ ಬಿಳಿ ಕುದುರೆಯ ಅಳತೆ ಹಿಗ್ಗಿದಾಗ 11.6, ಕುಗ್ಗಿದಾಗ 7. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರೆದಿದ್ದಾರೆ. ಎತ್ತರ ಗಂಗಾವತಿಯವರ ಕುದುರೆಯಷ್ಟೇ, ಗುಂಡಿಗೆ ಮಾತ್ರ ರೇಸ್ ಕುದುರೆಯದು. ಅರಬ್ಬಿ ರಕ್ತ!

ಸಂಡೂರು: ವಿಜಯನಗರದ ಅರಸರು ಗೋವೆಯ ಬಂದರಿನಿಂದ ತರಿಸಿದ ಅರಬ್ಬಿ ಕುದುರೆಗಳ ಸಂತತಿ ಇನ್ನೂ ನಮ್ಮ ಕಡೆ ಇದೆ ಅಣ್ಣಾ.

ಮಾನ್ವಿ: ಅವರ ಕುದುರೆಯ ಫೋಟೋ ನೋಡಿದ್ದೇನೆ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಅದು ಮಾರವಾಡಿ ಇಲ್ಲವೇ ಕಾಠಿಯಾವಾಡಿ ಬೆರಕೆ. ಅರಬ್ಬಿಯಂತೆ!

ವೈದ್ಯರು: ಕಿವಿ ಬಿಡಿ. ಸಿಂಧನೂರಿನವರೇ, ವಯಸ್ಸು, ಸುತ್ತಳತೆ, ಉದ್ದ ಕೂಡಲೇ ತಿಳಿಸಿ. ಸ್ಕ್ಯಾನಿಗೆ ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೇ? ಅದರಿಂದ ಬಡಿತ ನಿಧಾನವಾಗಿ ಅಳತೆಗಳೂ ಬದಲಾಗುತ್ತವೆ. ಕವಾಟದ ಬಗ್ಗೆ ಏನಾದರೂ ಬರೆದಿದೆಯೇ?

ಸಿಂಧನೂರು: ಇಂಜೆಕ್ಷನ್ ಕೊಟ್ಟಿಲ್ಲ, ಸಾಧು ಪ್ರಾಣಿ. 18 ವರ್ಷ. ಸುತ್ತಳತೆ 152, ಉದ್ದ 134. ‘ಮಹಾಪಧಮನಿಯ ಕವಾಟದಲ್ಲಿ ಸೋರಿಕೆ’ ಎಂದು ಕೆಳಗೆ ಸಣ್ಣಕ್ಷರದಲ್ಲಿದೆ. ನಾಡಿ ಮಾತ್ರ ಬೆರಳನ್ನೇ ಎತ್ತಿ ಒಗೆಯುವಷ್ಟು ಜೋರು ಸರ್.

ಬಳ್ಳಾರಿ ಕೋಟೆ: ನನ್ನ ಕುದುರೆ ಗಬ್ಬವಾಗಿದೆ, ಒಂಬತ್ತು ತಿಂಗಳು. ಹೊಟ್ಟೆಯೊಳಗಿನ ಮರಿಯ ತೂಕವನ್ನೂ ಈ ಲೆಕ್ಕಕ್ಕೆ ಹಿಡಿಯಬೇಕೇ?

ವೈದ್ಯರು: ಸಿಂಧನೂರಿನವರೇ, ನಿಧಾನವಾಗಿ ಓದಿ. ನಿಮ್ಮ ಕುದುರೆಯ ತೂಕ ಸುಮಾರು 260 ಕಿಲೋ. ಅದಕ್ಕೆ ಇರಬೇಕಾದ ಅಳತೆ ಒಂಬತ್ತೂಕಾಲರ ಸುತ್ತ, ಇರುವುದು 11.6. ಇದೇ ಹಿಗ್ಗು 500 ಕಿಲೋ ಕುದುರೆಯಲ್ಲಿ ಆಗಿದ್ದರೆ 14 ದಾಟುತ್ತಿತ್ತು, ಆಗ ಯಾರೂ ‘ನಾರ್ಮಲ್’ ಎಂದು ಬರೆಯುತ್ತಿರಲಿಲ್ಲ. ದೊಡ್ಡ ಕುದುರೆಯ ಪಟ್ಟಿಯೊಳಗೆ ನಿಮ್ಮ ಕುದುರೆಯ ರೋಗ ಅಡಗಿ ಕುಳಿತಿದೆ. ವಯಸ್ಸಾದ ಕುದುರೆಗಳಲ್ಲಿ ಮಹಾಪಧಮನಿಯ ಕವಾಟ ದಪ್ಪಗಾಗಿ ಸೋರುವುದು ಸಾಮಾನ್ಯ. ಎಷ್ಟೋ ಕುದುರೆಗಳು ಅಲ್ಪ ಸೋರಿಕೆಯೊಂದಿಗೆ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತವೆ. ಆದರೆ ಕೋಣೆ ಹಿಗ್ಗಿದೆ ಎಂದರೆ ಸೋರಿಕೆ ಅಲ್ಪವಲ್ಲ. ಮುಚ್ಚಿದ ತೂಬಿನ ಸಂದಿನಲ್ಲಿ ಕಾಲುವೆಯ ನೀರು ಜಿನುಗುವ ಹಾಗೆ, ಹೊರಗೆ ತಳ್ಳಿದ ರಕ್ತದ ಒಂದು ಪಾಲು ಪ್ರತಿ ಬಡಿತಕ್ಕೂ ಕೋಣೆಗೆ ಮರಳಿ ಬೀಳುತ್ತಿದೆ. ನೀವು ಹೆಮ್ಮೆಪಟ್ಟ ಆ ಜೋರಾದ ನಾಡಿಗೂ ಅದೇ ಕಾರಣ: ಒತ್ತಡ ಮೇಲೇರಿ ಧಿಡೀರನೆ ಕುಸಿಯುತ್ತದೆ. ಹಿಂಡುವ ಪ್ರಮಾಣ ನೂರಕ್ಕೆ 40 ಇದೆ ಎಂದೂ ಸಮಾಧಾನಪಡಬೇಡಿ, ಇಂಥ ಹೃದಯ ಬಹಳ ಕಾಲ ಚೆನ್ನಾಗಿ ಹಿಂಡುತ್ತಲೇ ಇರುತ್ತದೆ. ನನ್ನ ಹೆದರಿಕೆ ಬೇರೆ. ಇಂಥ ಕುದುರೆ ಶ್ರಮಪಟ್ಟಾಗ ಲಯ ತಪ್ಪಿ ಒಮ್ಮೆಲೇ ಕುಸಿಯಬಹುದು. ಮೆರವಣಿಗೆಯಲ್ಲಿ ಡಿಜೆ, ಪಟಾಕಿ, ಬೇಸಿಗೆಯ ಬಿಸಿಲು, ಮೇಲೆ ಮದುಮಗ, ಮದುಮಗನ ಮುಂದೆ ಒಂದು ಮಗು. ಓಡಾಟದಲ್ಲಿ ಇಸಿಜಿ ತೆಗೆಸುವವರೆಗೆ ಅದರ ಬೆನ್ನ ಮೇಲೆ ಯಾರೂ ಕೂರಬಾರದು. ಬೀದರ್ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಕುದುರೆಯ ಎದೆಯ ಆಳಕ್ಕೆ ತಲುಪುವ ಪ್ರೋಬ್ (ಸ್ಕ್ಯಾನ್ ಮಾಡುವಾಗ ಎದೆಗೆ ಒತ್ತುವ ಉಪಕರಣ) ಇದೆಯೇ ಎಂದು ಕೇಳಿಕೊಂಡು ಹೋಗಿ. ವಿಶ್ರಾಂತಿಯಲ್ಲಿದ್ದಾಗ ನಾಡಿ ಎಷ್ಟಿದೆ?

ಸಂಡೂರು: ದೊಡ್ಡ ಹೃದಯ ಒಳ್ಳೆಯದಲ್ಲವೇ ಸರ್? ಆಸ್ಟ್ರೇಲಿಯಾದ ಫಾರ್ ಲ್ಯಾಪ್ ಎಂಬ ಕುದುರೆಯ ಆರು ಕಿಲೋ ದಾಟಿದ ಹೃದಯವನ್ನು ಕ್ಯಾನ್‌ಬೆರಾದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ವೈದ್ಯರು: ಅದು ಹದಿನೇಳು ಕೈ, ಅಂದರೆ ಐದೂವರೆ ಅಡಿ ದಾಟಿದ ಎತ್ತರದ, ಪಳಗಿದ ರೇಸ್ ಕುದುರೆ. ತಾಲೀಮಿನಿಂದ ಬೆಳೆದ ಹೃದಯದಲ್ಲಿ ಕೋಣೆಯ ಜೊತೆ ಗೋಡೆಯೂ ಬೆಳೆಯುತ್ತದೆ, ಅದು ಕವಾಟದ ಸೋರಿಕೆಯಿಂದ ಹಿಗ್ಗಿದ್ದಲ್ಲ. ಮೆರವಣಿಗೆಯಲ್ಲಿ ನಿಂತು ಹೆಜ್ಜೆ ಹಾಕುವುದು ತಾಲೀಮಲ್ಲ.

ಸಿರುಗುಪ್ಪ: ಹೃದಯಕ್ಕೆ ದಿವ್ಯೌಷಧ! ಕಣಗಿಲೆ ಎಲೆಯ ರಸವನ್ನು ಬೆಲ್ಲದೊಂದಿಗೆ ಮೂರು ದಿನ ಕುಡಿಸಿ. ಹತ್ತು ಜನರಿಗೆ ಕಳುಹಿಸಿ.

ವೈದ್ಯರು: ಇದನ್ನು ಈ ಕ್ಷಣ ಅಳಿಸಿ. ಕಣಗಿಲೆ ಹೃದಯದ ಬಡಿತವನ್ನೇ ನಿಲ್ಲಿಸುವ ವಿಷ. ಒಂದು ಹಿಡಿ ಎಲೆ ದೊಡ್ಡ ಕುದುರೆಯನ್ನು ಕೊಲ್ಲುತ್ತದೆ, ಒಣಗಿದರೂ ವಿಷ ಹೋಗುವುದಿಲ್ಲ. ಬೇಲಿಯಿಂದ ಕತ್ತರಿಸಿದ ಕಣಗಿಲೆಯನ್ನು ಕುದುರೆ ಕಟ್ಟುವ ಜಾಗದ ಬಳಿ ಎಸೆಯಲೂಬೇಡಿ.

ಸಿರುಗುಪ್ಪ: ನನಗೂ ಬಂದದ್ದನ್ನು ಕಳುಹಿಸಿದೆ. ಒಳ್ಳೆಯದಾಗಲಿ ಎಂದು ಕಳುಹಿಸಿದವರ ಮೇಲೆ ಸಿಟ್ಟೇಕೆ? ಆಯುರ್ವೇದ ಎಂದರೆ ನಿಮಗಾಗದು.

ವೈದ್ಯರು: ಆಯುರ್ವೇದ ಬಲ್ಲವರನ್ನೇ ಕೇಳಿ ನೋಡಿ, ಕಣಗಿಲೆಯನ್ನು ವಿಷವೆಂದೇ ಹೇಳುತ್ತಾರೆ.

ಕುಷ್ಟಗಿ: ಕಣಗಿಲೆ ಬೇಡ ಸರಿ. ನಮ್ಮ ಅಳಿಯನ ಕೋಳಿ ಫಾರ್ಮಿನಲ್ಲಿ ಮಿಕ್ಕ ಆಹಾರ ಮೂಟೆಗಟ್ಟಲೆ ಇದೆ, ಕುದುರೆ ದಪ್ಪಗಾಗಲು ಹಾಕಬಹುದೇ?

ವೈದ್ಯರು: ಬೇಡವೇ ಬೇಡ. ಕೋಳಿ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರಬಹುದು. ಕೋಳಿ ತಡೆದುಕೊಳ್ಳುತ್ತದೆ, ಕುದುರೆಗೆ ಅದರ ಸಣ್ಣ ಪಾಲೂ ಮಾರಕ, ಹೃದಯದ ಸ್ನಾಯುವೇ ಸಾಯುತ್ತದೆ. ಬದುಕಿ ಉಳಿದ ಕುದುರೆಯ ಸ್ಕ್ಯಾನಿನಲ್ಲಿ ಹಿಂಡುವ ಶಕ್ತಿ ಕುಸಿದದ್ದು ಕಾಣುತ್ತದೆ. ದಪ್ಪಗಾಗಿಸುವ ಆಸೆಯನ್ನೂ ಬಿಡಿ: ಕೊಬ್ಬು ಹೆಚ್ಚಿದಷ್ಟೂ ಚಿತ್ರ ಮಸುಕು, ತೂಕದ ಲೆಕ್ಕವೂ ತಪ್ಪುತ್ತದೆ. ಕೊಬ್ಬು ಬೆಳೆದಂತೆ ಹೃದಯ ಬೆಳೆಯುವುದಿಲ್ಲ.

ಸಿರುಗುಪ್ಪ: ಎಲ್ಲವೂ ಬೇಡ ಎಂದರೆ ಬಡವರು ಕುದುರೆ ಸಾಕುವುದು ಹೇಗೆ?

ಮಾನ್ವಿ: ಬಡವರು ಕಣಗಿಲೆ ಕುಡಿಸಿ ಸಾಕುವುದಿಲ್ಲ ಅಣ್ಣಾ.

ಸಿರುಗುಪ್ಪ: ನಿಮ್ಮನ್ನು ಕೇಳಿದವರು ಯಾರು? ಒಂದು ಟಾಂಗಾದಲ್ಲಿ ಎಂಟು ಜನರನ್ನು ತುಂಬುವವರು ಇಲ್ಲಿ ಧರ್ಮ ಹೇಳುತ್ತಿದ್ದಾರೆ.

ಮಾನ್ವಿ: ಎಂಟಲ್ಲ, ನಾಲ್ಕು. ನೋಡದೆ ಮಾತಾಡಬೇಡಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಕಣಗಿಲೆ ಸಂದೇಶ ಅಳಿಸಿದ್ದೇನೆ.

ಬಳ್ಳಾರಿ ಕೋಟೆ: ಗಬ್ಬದ ಕುದುರೆಯ ಪ್ರಶ್ನೆ ಕೇಳಿದ್ದೆ.

ಕಾರಟಗಿ: ನಾಡಿ 34 ಇದೆ, ಪರವಾಗಿಲ್ಲವೇ?

ವೈದ್ಯರು: ಮೇಲೆ ಎರಡು ಸಲ ಬರೆದಿದ್ದೇನೆ.

ಸಿಂಧನೂರು: ಸರ್, ದವಡೆಯ ಕೆಳಗೆ ಬೆರಳಿಟ್ಟು ಎಣಿಸಿದೆ. ಕಟ್ಟಿದ ಜಾಗದಲ್ಲೇ ನಿಂತಿದೆ, 56. ಭಾನುವಾರ ಮದುವೆ ಇದೆ, ಮುಂಗಡ ತೆಗೆದುಕೊಂಡಿದ್ದೇನೆ. ಅದೊಂದನ್ನು ಮುಗಿಸಿ ಬೀದರಿಗೆ ಹೋಗಲೇ?

ವೈದ್ಯರು: ಬೇಡ. ಮುಂಗಡವನ್ನು ಇಂದೇ ಹಿಂದಿರುಗಿಸಿ. 56 ನನಗೆ ಹಿಡಿಸುತ್ತಿಲ್ಲ. ಎದೆಯ ಕೆಳಗೆ ಊತವಿದೆಯೇ, ಕೆಮ್ಮಿದೆಯೇ ನೋಡಿ ನನ್ನ ನಂಬರಿಗೆ ಫೋನ್ ಮಾಡಿ. ಇಲ್ಲಿ ಬರೆಯುತ್ತ ಕೂರಬೇಡಿ.

ಮಾನ್ವಿ: ಸಿಂಧನೂರಿನವರೇ, ಭಾನುವಾರ ನನ್ನ ಕುದುರೆ ಖಾಲಿ ಇದೆ. ಬಿಳಿಯಲ್ಲ, ಕಂದು. ಬಾಡಿಗೆ ಮಾತಾಡೋಣ.

ಸಿರುಗುಪ್ಪ: ನೋಡಿದಿರಾ, ಇದಕ್ಕೇ ಇಷ್ಟು ಹೊತ್ತು ಕಾದಿದ್ದರು.

ನಿರ್ವಾಹಕರು: ಗುಂಪಿನಲ್ಲಿ ವ್ಯಾಪಾರ ಬೇಡ.