ಪುಟ್ಟಿ, ಸಾಸಿವೆ ಬಿದ್ರೆ ನಿಲ್ಬೇಡ

ಪುಟ್ಟಿ, ನಿನ್ನ ಮೆಸೇಜು ಈಗ ನೋಡ್ದೆ. ಜುಲೈಲಿ ನೀವಿಬ್ರೂ ಹತ್ತು ದಿನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗ್ತಿದೀರ, ಅಲ್ಲಿ ಕಳ್ಳರ ಕಾಟ ಅಂತಾರೆ, ಹೆದ್ರೋ ಹಾಗಿದ್ಯಾ ದೊಡ್ಡಮ್ಮ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ನಂಗೆ ಬೆಳಗಾಗತ್ತೆ, ಬಾಯಲ್ಲೇ ಹೇಳ್ಬಿಡ್ತೀನಿ.

ಊರು ಚೆನ್ನಾಗೇ ಇದೆ ಕಣೆ. ನಮ್ಮ ಚಿಕ್ಕೋನು ಅಲ್ಲಿ ಎರಡು ವರ್ಷ ಇದ್ದದ್ದು ಎಲ್ರಿಗೂ ಗೊತ್ತಲ್ಲ, ಆಗ ನಾನೂ ನಿಮ್ಮ ದೊಡ್ಡಪ್ಪನೂ ಒಂದೂವರೆ ತಿಂಗಳು ಇದ್ದು ಬಂದ್ವಿ. ಊಟಕ್ಕೆ ಕೂರೋದೇ ರಾತ್ರಿ ಒಂಬತ್ತರ ಮೇಲೆ. ಹನ್ನೊಂದು ಗಂಟೇಲಿ ಅಜ್ಜ ಅಜ್ಜಿ ಮೊಮ್ಮಕ್ಕಳನ್ನ ಕೂರಿಸ್ಕೊಂಡು ಐಸ್‌ಕ್ರೀಮ್ ತಿಂತಿರ್ತಾರೆ. ಆ ಊರಲ್ಲಿ ನಾನು ಹೆದ್ರೋದು ಒಂದಕ್ಕೇ, ಸಾಸಿವೆಗೆ.

ನಗ್ಬೇಡ, ಕೇಳು. ಭಾನುವಾರ ಸಾನ್ ತೆಲ್ಮೋ ಅನ್ನೋ ಬಡಾವಣೇಲಿ ಸಂತೆ. ದೆಫೆನ್ಸಾ ಅಂತ ಕಲ್ಲು ಹಾಸಿದ ರಸ್ತೆ, ಉದ್ದಕ್ಕೂ ಹಳೇ ಸಾಮಾನು, ನೀಲಿ ಹಸಿರು ಸೋಡಾ ಬಾಟ್ಲಿ, ಬೆಳ್ಳಿ ಚಮಚ. ದೊರ್ರೇಗೋ ಚೌಕದಲ್ಲಿ ಒಂದು ಜೋಡಿ ಟ್ಯಾಂಗೋ ಕುಣೀತಿತ್ತು, ನೋಡ್ತಾ ನಿಂತಿದ್ವಿ. ಬೆನ್ನ ಮೇಲೆ ಪಚಕ್ ಅಂತ ಏನೋ ಬಿತ್ತು. ನನ್ನ ಶಾಲು, ಅವರ ಸ್ವೆಟರು, ಎರಡಕ್ಕೂ. ತಕ್ಷಣ ಒಬ್ಬ ಹೆಂಗಸು, ನನ್ನದೇ ವಯಸ್ಸು, ಕುತ್ತಿಗೇಲಿ ಮುತ್ತಿನ ಸರ, ಕೈಲಿ ಟಿಶ್ಯೂ. ಆಕಾಶ ತೋರಿಸಿ "ಪಲೋಮಾ, ಪಲೋಮಾ" ಅಂತಾಳೆ. ಪಾರಿವಾಳ ಅಂತ. ಎಷ್ಟು ಅಕ್ಕರೆಯಿಂದ ಒರೆಸಿದ್ಲು ಅಂತೀಯ! ಇವರು ಸ್ವೆಟರ್ ಬಿಚ್ಚೋಕೆ ಚೀಲ ಕೆಳಗಿಟ್ರು. ಅಷ್ಟು ಹೊತ್ತಿಗೆ ನನ್ನ ಮೂಗಿಗೆ ವಾಸನೆ ಬಡೀತು. ನಲವತ್ತು ವರ್ಷ ಗೊಜ್ಜಿಗೆ ಸಾಸಿವೆ ಅರೆದೋಳು ನಾನು, ಗೊತ್ತಾಗಲ್ವಾ? ಯಾವ ಪಾರಿವಾಳ ಸಾಸಿವೆ ಹಾಕತ್ತೆ? ತಿರುಗಿ ನೋಡಿದ್ರೆ ಚೀಲ ಇಲ್ಲ, ಮುತ್ತಿನ ಸರಾನೂ ಇಲ್ಲ. ಕ್ಯಾಮೆರಾ, ಅವರ ಬಿಪಿ ಮಾತ್ರೆ, ನನ್ನ ಚಟ್ನಿಪುಡಿ ಡಬ್ಬಿ, ಎಲ್ಲಾ ಹೋಯ್ತು. ಅಲ್ಲಿಯೋರು ಖಾರವೇ ತಿನ್ನಲ್ಲ, ಆ ಚಟ್ನಿಪುಡಿ ಬಾಯಿಗೆ ಹಾಕ್ಕೊಂಡೋರ ಗತಿ ನೆನೆಸ್ಕೊಂಡ್ರೆ ಈಗ್ಲೂ ನಗು ಬರತ್ತೆ.

ಅದಕ್ಕೇ ಹೇಳೋದು, ಮೈಮೇಲೆ ಏನೇ ಬೀಳ್ಲಿ ನಿಲ್ಬೇಡಿ. ಹಾಗೇ ನಡೀರಿ, ಒಂದು ಅಂಗಡಿ ಒಳಗೆ ಹೋಗಿ ನಿಮ್ಮಷ್ಟಕ್ಕೆ ನೀವೇ ಒರೆಸ್ಕೊಳ್ಳಿ.

ಇದನ್ನ ನಿಮ್ಮ ದೊಡ್ಡಪ್ಪ ಪ್ರತಿ ಮದುವೆ ಮನೇಲೂ ಹೇಳ್ತಾರೆ, ಹೇಗೆ? "ಇವಳ ಶಾಲಿನ ಚಿಂತೇಲಿ ಚೀಲ ಹೋಯ್ತು" ಅಂತ. ಚೀಲ ಕೆಳಗಿಟ್ಟೋರು ಯಾರು? ಹೋಗ್ಲಿ ಬಿಡು. ಕ್ಯಾಮೆರಾ ಹೋಯ್ತಲ್ಲ, ಫೋಟೋ ಒಂದೂ ಉಳೀಲಿಲ್ಲ. ಗೃಹಪ್ರವೇಶದ ದಿನ ಎಲ್ರ ಎದುರಿಗೆ "ಅಕ್ಕ, ಹೋಗಿದ್ದಕ್ಕೆ ಫೋಟೋನೇ ಇಲ್ವಲ್ಲ" ಅಂದಿದ್ದು ಯಾರು ಗೊತ್ತಾ? ನಿಮ್ಮಮ್ಮ. ಈ ಗ್ರೂಪಲ್ಲೇ ಇದಾಳೆ, ಕೇಳಿಸ್ಕೊಳ್ಳಲಿ. ಹನ್ನೊಂದು ಮನೆಗೆ ಅಲ್ಫಹೋರ್ ತಂದು ಹಂಚಿದೀನಿ. ಎರಡು ಬಿಸ್ಕತ್ತಿನ ಮಧ್ಯೆ ಹಾಲು ಸಕ್ಕರೆ ಕಾಯಿಸಿದ ಕೆಂಪು ಪಾಕ, ತೆಳ್ಳಗಿನ ಪಾಲಕೋವಾ ಅನ್ಕೋ. ಹೇಗಿತ್ತು ಅಂತ ಒಬ್ರೂ ಬಾಯಿ ಬಿಡ್ಲಿಲ್ಲ.

ಊಟಕ್ಕೆ ಪರದಾಡ್ಬೇಡಿ. ಎಂಪನಾಡ ಅಂತ ಸಿಗತ್ತೆ, ಥೇಟ್ ಕರ್ಜಿಕಾಯಿ. ಅಂಚು ಮಡಚಿರೋ ರೀತಿ ಬೇರೆ ಬೇರೆ, ಒಳಗೇನಿದೆ ಅಂತ ಅದರಲ್ಲೇ ಗುರುತು. ಮುಸುಕಿನ ಜೋಳದ್ದಕ್ಕೆ ಹುಮಿತಾ ಅಂತಾರೆ. ಮಾಂಸ ಬೇಡ ಅಂತಷ್ಟೇ ಅಂದ್ರೆ ಅವರಿಗೆ ದನದ್ದು ಬೇಡ ಅಂತ ಅರ್ಥ, ಹಂದೀದು ತಂದಿಟ್ಬಿಡ್ತಾರೆ. ಕೋಳಿ, ಹಂದಿ ಎಲ್ಲಾ ಬಿಡಿಸಿ ಹೇಳಿ. ಸ್ವೆಟರ್ ಇಟ್ಕೊಳ್ಳಿ, ಜುಲೈ ಅಂದ್ರೆ ಅಲ್ಲಿ ಚಳಿಗಾಲ. ಲಾ ಬೋಕಾದಲ್ಲಿ ಬಣ್ಣದ ಮನೆ ಇರೋ ಕಮಿನಿತೋಗೆ ಹಗಲಲ್ಲೇ ಹೋಗಿ, ಅಲ್ಲಿಂದಾಚೆ ಗಲ್ಲಿಗಳಿಗೆ ನುಗ್ಬೇಡಿ. ಇನ್ನೊಂದ್ಸಲ ಹೇಳ್ತೀನಿ ಪುಟ್ಟಿ, ಮೈಮೇಲೆ ಏನಾದ್ರೂ ಬಿದ್ರೆ ನಿಲ್ಬೇಡ, ಒರೆಸೋಕೆ ಬಂದೋರನ್ನ ಹತ್ರ ಸೇರಿಸ್ಬೇಡ, ಚೀಲ ಕೆಳಗಿಡ್ಬೇಡ.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ ನೋಡು! ಹಳದಿ ಜ್ವರದ ಇಂಜೆಕ್ಷನ್, ಯೆಲ್ಲೋ ಫೀವರ್ ಅಂತಾರಲ್ಲ ಅದು. ಅರ್ಜೆಂಟೀನಾದಿಂದ ವಾಪಸ್ ಬರೋವಾಗ ನಮ್ಮ ಏರ್‌ಪೋರ್ಟಲ್ಲೇ ಅದರ ಕಾರ್ಡ್ ಕೇಳ್ತಾರೆ, ಇಲ್ಲದಿದ್ರೆ 6 ದಿನ ಕೂಡಿಹಾಕ್ಬಹುದು. ಹೊರಡೋಕೆ 10 ದಿನ ಮುಂಚೆಯಾದ್ರೂ ಆಗಿರ್ಬೇಕು. ಎಲ್ಲಾ ಆಸ್ಪತ್ರೇಲೂ ಹಾಕಲ್ಲ, ಸರ್ಕಾರ ಗೊತ್ತು ಮಾಡಿರೋ ಕಡೆ ಮಾತ್ರ, ಯಾವ ದಿನ ಹಾಕ್ತಾರೆ ಅಂತ ಮೊದಲೇ ಕೇಳಿಟ್ಕೊಳ್ಳಿ. ಒಂದು ಸಲ ಹಾಕಿಸ್ಕೊಂಡ್ರೆ ಕಾರ್ಡು ಜೀವನಪೂರ್ತಿ ನಡೆಯತ್ತೆ. ಅಳಿಯಂದ್ರು ನಿಶ್ಚಿತಾರ್ಥದಲ್ಲಿ ಮೊಟ್ಟೆ ಆಗಲ್ಲ ಅಂತ ಕೇಕ್ ಮುಟ್ಲಿಲ್ವಲ್ಲ, ಅದು ಅಲರ್ಜೀನಾ, ಶಾಸ್ತ್ರಾನಾ? ಆ ಔಷಧಿ ಮಾಡೋದು ಮೊಟ್ಟೇಲಿ. ಅಲರ್ಜಿ ಆದ್ರೆ ಡಾಕ್ಟರಿಗೆ ಹೇಳದೆ ಚುಚ್ಚಿಸ್ಕೊಳ್ಳೋದು ಬೇಡ. ಕೇಳಿ ಇವತ್ತೇ ಹೇಳು. ಟಿಕೆಟ್ ಯಾವ ತಾರೀಖಿಗೆ ಅಂತಾನೂ ನೀನು ಹಾಕಿಲ್ಲ.